ಹುಟ್ಟುಗುಣ ಸುಟ್ಟರೂ ಹೋಗದೇ? ನಾಟಿ ಪ್ರಾಣಿ, ಸೀಮೆ ಪ್ರಾಣಿ ಮತ್ತು ಅವುಗಳ ಸ್ವಭಾವ



ವಾರದ ಕೊನೆ ಬಂತೆಂದರೆ ನಮ್ಮ ಮಹಾನಗರಗಳ ಕಾರುಗಳು ಊರಾಚೆಗೆ ಹೊರಡುತ್ತವೆ. ಮುಂಬೈಯವರು ಕರ್ಜತ್ ಕಡೆಗೆ, ಪುಣೆಯವರು ಮುಳಶಿ ಕಡೆಗೆ, ಹೈದರಾಬಾದಿನವರು ಮೊಯಿನಾಬಾದ್ ಕಡೆಗೆ, ಚೆನ್ನೈಯವರು ಮಹಾಬಲಿಪುರದ ರಸ್ತೆಗೆ. ಅಲ್ಲೊಂದು ತೋಟದ ಮನೆ. ಗೇಟು ದಾಟಿದರೆ ಎರಡು ಹಸು, ನಾಲ್ಕು ಮೇಕೆ, ಒಂದಷ್ಟು ನಾಟಿ ಕೋಳಿ. ಅವುಗಳ ಪಕ್ಕದಲ್ಲೇ ಬೇಲಿಯೊಳಗಿಂದ ಕತ್ತು ಚಾಚಿ ನೋಡುವ ಎಮು, ಗರಿ ಬಿಚ್ಚಿ ಮೆರೆಯುವ ಟರ್ಕಿ ಕೋಳಿ, ಒಂದು ಮೊಲದ ಗೂಡು. ಮಕ್ಕಳಿಗೆ ಹಬ್ಬವೋ ಹಬ್ಬ. ಊರಿನ ಕೊಟ್ಟಿಗೆಯ ನೆನಪಿರುವ ದೊಡ್ಡವರಿಗೆ ಒಂದು ಸಣ್ಣ ಆಸೆ: ನಮಗೂ ಇಲ್ಲೇ ಎಲ್ಲಾದರೂ ಅರ್ಧ ಎಕರೆ ಇದ್ದಿದ್ದರೆ ನಾಲ್ಕು ಪ್ರಾಣಿ ಸಾಕಬಹುದಿತ್ತು!

ಆಸೆ ತಪ್ಪಲ್ಲ. ಆದರೆ ಪ್ರಾಣಿಯನ್ನು ಚಂದ ನೋಡಿ ತರುವುದು ಬೇರೆ, ಗುಣ ನೋಡಿ ತರುವುದು ಬೇರೆ. ಗುಣ ತಿಳಿಯದೆ ತಂದಾಗ ಪ್ರಾಣಿಗೂ ಕಷ್ಟ, ತಂದವರಿಗೂ ನಷ್ಟ. ಹಾಗಾಗಿ ಈ ಸಲ ಪ್ರಾಣಿಗಳ ಸ್ವಭಾವದ ಬಗ್ಗೆ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಒಳ್ಳೆಯ ಪದಗಳಿವೆ. ಇಲ್ಲಿನದು ಎಂದರೆ ನಾಟಿ; ಉತ್ತರ ಕರ್ನಾಟಕದವರಿಗೆ ಜವಾರಿ. ಹೊರಗಿನಿಂದ ಬಂದದ್ದು ಎಂದರೆ ಸೀಮೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಇದ್ದಂತೆ ಸೀಮೆ ಹಸು. ಜರ್ಸಿ, ಹೋಲ್‌ಸ್ಟೀನ್ ಹಸುಗಳು ಬಂದಾಗ ನಮ್ಮ ಹಳ್ಳಿಯವರು ಅವನ್ನು ಕರೆದದ್ದು ಹಾಗೆಯೇ. ಎಮು, ಟರ್ಕಿ, ಗಿನಿ ಕೋಳಿಗಳನ್ನೂ ಇದೇ ಲೆಕ್ಕದಲ್ಲಿ ಸೀಮೆ ಪ್ರಾಣಿ ಎನ್ನೋಣ.

ಸ್ವಭಾವ ಎಂದರೆ ಏನು?

'ಹುಟ್ಟುಗುಣ ಸುಟ್ಟರೂ ಹೋಗದು' ಎನ್ನುತ್ತದೆ ಗಾದೆ. ಇದು ಅರ್ಧ ಸತ್ಯ. ಒಂದು ಪ್ರಾಣಿಯ ಸ್ವಭಾವಕ್ಕೆ ಮೂರು ಬೇರುಗಳಿವೆ. ಮೊದಲನೆಯದು ಅದರ ಜಾತಿ ಮತ್ತು ತಳಿ. ಎರಡನೆಯದು ಆ ಒಂದು ಪ್ರಾಣಿಯದೇ ಆದ ಹುಟ್ಟುಗುಣ. ಮೂರನೆಯದು ಅದು ಬೆಳೆದ ರೀತಿ, ಅಂದರೆ ಮರಿಯಾಗಿದ್ದಾಗ ಯಾರ ಜೊತೆ ಇತ್ತು, ಯಾರ ಕೈಯಲ್ಲಿ ಬೆಳೆಯಿತು ಎಂಬುದು.

ಜಾತಿಯ ಗುಣಕ್ಕೆ ನಮ್ಮಲ್ಲೇ ಇನ್ನೊಂದು ಗಾದೆಯಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಹೊಂದಾಣಿಕೆ ಇಲ್ಲದ ಜೋಡಿಯ ಬಗ್ಗೆ ಹೇಳುವ ಮಾತು ಇದು. ಆದರೆ ಕೋಣ ನೀರಿಗೆ ಎಳೆಯುವುದು ಹಠದಿಂದಲ್ಲ. ಎಮ್ಮೆ ಕೋಣಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಕಪ್ಪು ಚರ್ಮ ಬಿಸಿಲನ್ನು ಬೇಗ ಹೀರುತ್ತದೆ. ಮೈ ತಣ್ಣಗಾಗಬೇಕಾದರೆ ನೀರು ಅಥವಾ ಕೆಸರು ಬೇಕೇ ಬೇಕು. ನಾವು ಹಠ ಎನ್ನುವುದು ಅದರ ಮೈಯ ಅಗತ್ಯ.

ಇನ್ನು ಒಂದೊಂದು ಪ್ರಾಣಿಯ ಹುಟ್ಟುಗುಣ. ಹಳ್ಳಿಯಲ್ಲಿ ದನ ಸಾಕಿದವರನ್ನು ಕೇಳಿ ನೋಡಿ. ಇದು ಸಾಧು, ಇದು ಹಾಯುತ್ತದೆ, ಇದು ಒದೆಯುತ್ತದೆ, ಇದು ತುಡುಗು, ಇದು ಬೆದರುಗುಳಿ ಎಂದು ಪಟಪಟನೆ ಹೇಳುತ್ತಾರೆ. ವಿಜ್ಞಾನಿಗಳು ಇದನ್ನೇ ಪರೀಕ್ಷಿಸುವುದು ಹೀಗೆ: ಪ್ರಾಣಿಗಳಿರುವ ಜಾಗದಲ್ಲಿ ಅವು ಎಂದೂ ನೋಡಿರದ ಒಂದು ವಸ್ತುವನ್ನು ಇಡುತ್ತಾರೆ, ಬಣ್ಣದ ಚೆಂಡೋ ಹೊಸ ಬಕೆಟ್ಟೋ ಆಗಬಹುದು. ಯಾರು ಮೊದಲು ಬಂದು ಮೂಸುತ್ತಾರೆ, ಯಾರು ದೂರ ನಿಲ್ಲುತ್ತಾರೆ ಎಂದು ಬರೆದಿಡುತ್ತಾರೆ. ಕೆಲವು ತಿಂಗಳ ನಂತರ ಬೇರೆ ವಸ್ತು ಇಟ್ಟು ಮತ್ತೆ ನೋಡುತ್ತಾರೆ. ಆಗಲೂ ಧೈರ್ಯದ್ದು ಧೈರ್ಯವಾಗಿ, ಪುಕ್ಕಲು ಪುಕ್ಕಲಾಗಿ ಉಳಿದರೆ ಅದು ಆ ದಿನದ ಮನಸ್ಥಿತಿಯಲ್ಲ, ಸ್ವಭಾವ.

ಇಂಗ್ಲೆಂಡಿನ ವೂಸ್ಟರ್‌ಷೈರ್‌ನಲ್ಲಿ ಫಾರ್ಮ್ ನಡೆಸುವ ರೋಸಮಂಡ್ ಯಂಗ್ ಎಂಬ ಮಹಿಳೆ 2003ರಲ್ಲಿ ಹಸುಗಳ ಗುಟ್ಟಿನ ಬದುಕು ಎಂಬರ್ಥದ ಹೆಸರಿನ ಪುಸ್ತಕ ಬರೆದರು. ತಮ್ಮ ಹಸುಗಳಲ್ಲಿ ಯಾವುದಕ್ಕೆ ಯಾವುದು ಗೆಳತಿ, ಯಾವುದು ಮುನಿಸಿಕೊಳ್ಳುತ್ತದೆ, ಯಾವುದು ಬುದ್ಧಿವಂತೆ ಎಂಬ ವಿವರಗಳೇ ಅದರ ತುಂಬ. 2017ರಲ್ಲಿ ಮತ್ತೆ ಅಚ್ಚಾದಾಗ ನಗರದ ಓದುಗರು ಅದನ್ನು ಮುಗಿಬಿದ್ದು ಕೊಂಡರು. ನಮ್ಮ ಅಜ್ಜಿಯರು ಓದಿದ್ದರೆ 'ಇದರಲ್ಲೇನು ಗುಟ್ಟು?' ಎನ್ನುತ್ತಿದ್ದರೇನೋ!

ಕೊಟ್ಟಿಗೆಯಲ್ಲಿ

ಹಸುಗಳಿಂದಲೇ ಶುರುಮಾಡೋಣ. ನಮ್ಮ ಅಮೃತಮಹಲ್ ತಳಿಯ ಕಥೆ ಕೇಳಿರುತ್ತೀರಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಸೈನ್ಯದ ಸಾಮಾನು, ಫಿರಂಗಿ ಎಳೆಯಲು ಈ ಎತ್ತುಗಳು ಬೇಕಿದ್ದವು. ಕಾವಲು ಎಂದು ಕರೆಯುವ ವಿಶಾಲ ಹುಲ್ಲುಗಾವಲುಗಳಲ್ಲಿ, ಮನುಷ್ಯರ ಒಡನಾಟ ಕಡಿಮೆಯಿದ್ದು ಬೆಳೆದ ದನಗಳಿವು. ಹಾಗಾಗಿ ವೇಗ, ತ್ರಾಣ, ರೋಷ ಎಲ್ಲವೂ ಇವೆ. ಅಪರಿಚಿತರನ್ನು ಸುಲಭವಾಗಿ ಹತ್ತಿರ ಬಿಡುವುದಿಲ್ಲ. ಪಳಗಿಸಲು ತಾಳ್ಮೆ ಬೇಕು. ಮಲೆನಾಡು ಗಿಡ್ಡ ಪುಟ್ಟ ಹಸು. ಬೆಟ್ಟ, ಕಾಡು ಸುತ್ತಿ ತಾನೇ ಮೇದು ಬರುವ ಸ್ವತಂತ್ರ ಜೀವಿ. ಚಿಕ್ಕದು, ಮುದ್ದಾಗಿದೆ ಎಂದು ನಾಲ್ಕು ಗೋಡೆಯ ನಡುವೆ ಕಟ್ಟಿ ಹಾಕಿದರೆ ಅದರ ಅರ್ಧ ಬದುಕನ್ನೇ ಕಿತ್ತುಕೊಂಡ ಹಾಗೆ. ಆಂಧ್ರದ ಪುಂಗನೂರು ಹಸುಗಳಿಗೂ ಇದೇ ಮಾತು ಸಲ್ಲುತ್ತದೆ. 2024ರ ಸಂಕ್ರಾಂತಿಯಲ್ಲಿ ಪ್ರಧಾನಿಯವರ ನಿವಾಸದ ಚಿತ್ರಗಳಲ್ಲಿ ಕಾಣಿಸಿಕೊಂಡ ಮೇಲೆ ಅವುಗಳ ಹೆಸರು ಊರೂರಿಗೂ ಹಬ್ಬಿದೆ.

ಸೀಮೆ ಹಸುಗಳ ಕಥೆ ಬೇರೆ. ಹೋಲ್‌ಸ್ಟೀನ್ ಸಾಮಾನ್ಯವಾಗಿ ಶಾಂತ. ತಲೆತಲಾಂತರದಿಂದ ದಿನಾ ಕೈಯಲ್ಲಿ ಹಾಲು ಕರೆಸಿಕೊಂಡ ತಳಿ. ಆದರೆ ನಮ್ಮ ಬಿಸಿಲು ಅದಕ್ಕೆ ಆಗದು. ಸೆಕೆ ಹೆಚ್ಚಾದರೆ ಮೇವು ಬಿಟ್ಟು ನೆರಳು ಹುಡುಕುತ್ತದೆ. ಇದನ್ನು ಸೋಮಾರಿತನ ಎನ್ನಬಾರದು. ಜರ್ಸಿಗೆ ಕುತೂಹಲ ಹೆಚ್ಚು, ಎಲ್ಲವನ್ನೂ ಮೂಸಿ ನೆಕ್ಕಿ ನೋಡಬೇಕು. ಹಸು ಸಾಧುವಾದರೂ ಜರ್ಸಿ ಹೋರಿ ಮಾತ್ರ ಅಪಾಯಕಾರಿ ಎಂದು ಪ್ರಪಂಚದ ಹೈನುಗಾರರೆಲ್ಲ ಬಲ್ಲರು.

ಈಗ ಒಂದು ಸ್ವಾರಸ್ಯ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ ಸುಳಿಯನ್ನೂ ನೋಡುತ್ತಾರೆ. ಯಾವ ಸುಳಿ ಎಲ್ಲಿದ್ದರೆ ಶುಭ, ಎಲ್ಲಿದ್ದರೆ ಅಶುಭ ಎಂದು ಅವರದೇ ಲೆಕ್ಕ. ಶುಭಾಶುಭದ ಮಾತು ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದನ್ನು ನೋಡಿ: ಹಣೆಯ ಸುಳಿ ಕಣ್ಣುಗಳಿಗಿಂತ ಮೇಲಿರುವ ದನಗಳು, ಕಟ್ಟಿ ನಿಲ್ಲಿಸಿದಾಗ, ಸುಳಿ ಕೆಳಗಿರುವ ದನಗಳಿಗಿಂತ ಹೆಚ್ಚು ಗಾಬರಿಗೊಂಡವು. ಗರ್ಭದಲ್ಲಿ ಚರ್ಮವೂ ಮಿದುಳೂ ಒಂದೇ ಪದರದಿಂದ ರೂಪುಗೊಳ್ಳುವುದರಿಂದ ಹೀಗಿರಬಹುದು ಎನ್ನುವುದು ಅದಕ್ಕೆ ಕೊಡುವ ವಿವರಣೆ. ಸುಳಿ ನೋಡಿಯೇ ಎಲ್ಲವನ್ನೂ ತೀರ್ಮಾನಿಸಲು ಆಗದು. ಆದರೆ ಸುಳಿಗೂ ಸ್ವಭಾವಕ್ಕೂ ಏನೋ ನಂಟಿದೆ.

ಹೆಸರಿಟ್ಟು ಕರೆಯುವುದರಿಂದಲೂ ಏನಾದರೂ ಆಗುತ್ತದೆಯೇ? ಪುಣ್ಯಕೋಟಿಯ ಕಥೆಯ ಗೊಲ್ಲ ತನ್ನ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವುದು ನಿಮಗೆ ನೆನಪಿರಬೇಕು. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 516 ಹೈನುಗಾರರನ್ನು ವಿಚಾರಿಸಿ 2009ರಲ್ಲಿ ಒಂದು ವರದಿ ಪ್ರಕಟಿಸಿದರು. ಹಸುಗಳನ್ನು ಹೆಸರಿಟ್ಟು ಕರೆಯುವ ಫಾರ್ಮ್‌ಗಳಲ್ಲಿ ಒಂದು ಹಸು ವರ್ಷಕ್ಕೆ ಸರಾಸರಿ 258 ಲೀಟರ್ ಹೆಚ್ಚು ಹಾಲು ಕೊಡುತ್ತಿತ್ತು! ಈ ಕೆಲಸಕ್ಕೆ ಆ ವರ್ಷ ನಗಿಸಿ ಯೋಚಿಸುವಂತೆ ಮಾಡುವ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ಹೆಸರಿನಲ್ಲಿ ಮಂತ್ರಶಕ್ತಿ ಇಲ್ಲ. ಹೆಸರಿಡುವವರು ಹಸುವನ್ನು ಒಂದೊಂದಾಗಿ ಗಮನಿಸುತ್ತಾರೆ, ಮೃದುವಾಗಿ ನಡೆಸಿಕೊಳ್ಳುತ್ತಾರೆ ಎಂಬುದೇ ಅದರ ಒಳಗುಟ್ಟು.

ಇದರ ಹಿಂದೆ ಮೈಯ ಕೆಲಸವೂ ಇದೆ. ಕೆಚ್ಚಲಿನಿಂದ ಹಾಲು ಇಳಿಯಬೇಕಾದರೆ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿಯಬೇಕು. ಕರು ಬಾಯಿ ಹಾಕಿದಾಗ, ಪರಿಚಿತ ಕೈ ಸವರಿದಾಗ, ಪಾತ್ರೆಯ ಸದ್ದು ಕೇಳಿದಾಗ ಅದು ಹರಿಯುತ್ತದೆ. ಹೆದರಿದಾಗ ಉಕ್ಕುವ ಅಡ್ರಿನಲಿನ್ ಇದಕ್ಕೆ ಅಡ್ಡಿ. ಹೊಸಬರು ಕರೆಯಲು ಕೂತರೆ ಹಸು ಹಾಲು ಬಿಗಿಹಿಡಿಯುವುದಕ್ಕೆ ಕಾರಣ ಇದೇ. ಎಮ್ಮೆಯಲ್ಲಂತೂ ಈ ಗುಣ ಇನ್ನೂ ಹೆಚ್ಚು. ಮುಂಬೈಯ ಕೇಳುಗರಿಗೆ ತಬೇಲಾಗಳ ಪರಿಚಯವಿದೆಯಲ್ಲ? ನಗರದೊಳಗಿನ ಎಮ್ಮೆಗಳನ್ನು ಹೊರಗೆ ಸಾಗಿಸಲೆಂದು 1949ರಲ್ಲಿ ಆರೇ ಕಾಲೊನಿ ಶುರುವಾಯಿತು. ಇಂಥ ತಬೇಲಾಗಳಲ್ಲಿ ಹಾಲು ಕರೆಯುವ ಕೈ ಬದಲಾಗದಂತೆ ನೋಡಿಕೊಳ್ಳುವುದು ಸುಮ್ಮನೆ ಅಲ್ಲ.

ಕುರಿ ದಡ್ಡನೇ? ಮೇಕೆ ತುಂಟನೇ?

ಕುರಿ ಎಂದರೆ ದಡ್ಡತನ ಎಂದು ಬೈಗುಳದಲ್ಲೇ ಸೇರಿಸಿಬಿಟ್ಟಿದ್ದೇವೆ. ಆದರೆ ಕೇಂಬ್ರಿಡ್ಜ್ ಸಮೀಪದ ಬಾಬ್ರಹಾಂ ಸಂಸ್ಥೆಯ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿಕೊಟ್ಟಂತೆ, ಕುರಿಗಳು 50 ಬೇರೆ ಕುರಿಗಳ ಮುಖಗಳನ್ನು 2 ವರ್ಷಕ್ಕೂ ಮೀರಿ ನೆನಪಿಟ್ಟುಕೊಳ್ಳಬಲ್ಲವು. 2017ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಕುರಿಗಳಿಗೆ ತರಬೇತಿ ಕೊಟ್ಟಾಗ ಅವು ಬರಾಕ್ ಒಬಾಮ ಅವರ ಫೋಟೋವನ್ನೂ ಗುರುತು ಹಿಡಿದವು. ಕುರಿ ಗುಂಪಿನ ಹಿಂದೆ ಹೋಗುವುದು ಬುದ್ಧಿಯಿಲ್ಲದೆ ಅಲ್ಲ. ಕೊಂಬು, ಉಗುರು ನಂಬಿ ಹೋರಾಡಲಾಗದ ಪ್ರಾಣಿಗೆ ತೋಳದ ಎದುರು ಗುಂಪೇ ರಕ್ಷಣೆ. ಒಂಟಿಯಾದ ಕುರಿಗೆ ಭಯ ಎಷ್ಟೆಂದರೆ ಮೇವನ್ನೂ ಮುಟ್ಟದು. ತೋಟದ ಮನೆಯಲ್ಲಿ ಒಂದೇ ಒಂದು ಕುರಿಯನ್ನು ಕಟ್ಟಿಹಾಕಿ 'ಸಾಕಿದ್ದೇವೆ' ಎನ್ನುವುದು ಅದಕ್ಕೆ ಶಿಕ್ಷೆ.

ಪುಣೆಯ ಸುತ್ತ ಬೇಸಿಗೆಯಲ್ಲಿ ಕರಿ ಡೆಕ್ಕನಿ ಕುರಿಗಳ ಮಂದೆ ಹೋಗುವುದನ್ನು ನೋಡಿದ್ದೀರಾ? ನಮ್ಮ ಕುರುಬರಂತೆ ಅಲ್ಲಿ ಧನಗರರು. ಮಂದೆಯ ನಡುವೆ ನಾಲ್ಕಾರು ಮೇಕೆಗಳೂ ಕಾಣುತ್ತವೆ. ಕುರಿ ಹಿಂಜರಿಯುವ ಕಡೆ ಮೇಕೆ ಮುಂದೆ ಹೆಜ್ಜೆ ಇಡುತ್ತದೆ, ಹಿಂದೆ ಮಂದೆ ಬರುತ್ತದೆ. ಕುರಿ ನೆಲದ ಹುಲ್ಲು ಮೇಯುವ ಪ್ರಾಣಿ. ಮೇಕೆ ತಲೆಯೆತ್ತಿ ಎಲೆ, ಚಿಗುರು ಹುಡುಕುವ ಪ್ರಾಣಿ. ಆಹಾರ ಹುಡುಕಲು ಹತ್ತಬೇಕು, ನೂಕಬೇಕು, ರುಚಿ ನೋಡಬೇಕು. ನಿಮ್ಮ ಚೂಡಿದಾರದ ತುದಿ ಅಗಿಯುವ ಮೇಕೆ ಮಾಡುತ್ತಿರುವುದು ಅದನ್ನೇ. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮುಚ್ಚಳ ತೆರೆಯಲು ಬಾರದ ಡಬ್ಬಿಯೊಳಗೆ ತಿಂಡಿ ಇಟ್ಟಾಗ ಮೇಕೆಗಳು ಪಕ್ಕದಲ್ಲಿ ನಿಂತ ಮನುಷ್ಯನ ಮುಖವನ್ನೂ ಡಬ್ಬಿಯನ್ನೂ ಸರದಿಯಂತೆ ನೋಡಿದವು, ಥೇಟ್ ನಾಯಿಯ ಹಾಗೆ. 'ಸ್ವಲ್ಪ ತೆಗೆದುಕೊಡಿ' ಎಂಬ ಮಾತು ಕಣ್ಣಿನಲ್ಲೇ!

ರೇಡಿಯೋದವರಿಗೆ ಕಿವಿಯೇ ಬಂಡವಾಳ. ಹಾಗಾಗಿ ಮೇಕೆಯ ದನಿಯ ಬಗ್ಗೆಯೂ ಒಂದು ಮಾತು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಕಂಡುಕೊಂಡಂತೆ, ಒಂದೇ ಗುಂಪಿನಲ್ಲಿ ಬೆಳೆಯುವ ಮೇಕೆಮರಿಗಳ ಕೂಗು ದಿನ ಕಳೆದಂತೆ ಒಂದರಂತೆ ಇನ್ನೊಂದು ಆಗುತ್ತದೆ. ಬೇರೆ ಗುಂಪಿನ ಮರಿಗಳ ಕೂಗಿಗೆ ಬೇರೆಯೇ ರಾಗ. ಹತ್ತು ವರ್ಷ ಹೊರ ಊರಿನಲ್ಲಿದ್ದು ಊರಿಗೆ ಹೋದಾಗ 'ನಿನ್ನ ಕನ್ನಡ ಮುಂಬೈ ಕನ್ನಡ ಆಗಿಬಿಟ್ಟಿದೆ' ಎನ್ನಿಸಿಕೊಂಡಿದ್ದರೆ ನಿಮಗೆ ಮೇಕೆಮರಿಯ ಕಷ್ಟ ಅರ್ಥವಾಗುತ್ತದೆ. ಬೆಳೆದ ಜಾಗ, ಜೊತೆಗಿದ್ದವರು ಸ್ವಭಾವದಲ್ಲಿ ಎಷ್ಟು ಸೇರಿಕೊಳ್ಳುತ್ತಾರೆ ಎಂಬುದಕ್ಕೆ ಇದೊಂದು ಸಾಕ್ಷಿ.

ಕೋಳಿಗಳ ರಾಜಕೀಯ

ನಾರ್ವೆ ದೇಶದಲ್ಲಿ ಥೋರ್ಲೀಫ್ ಶೆಲ್ಡರುಪ್-ಎಬ್ಬೆ ಎಂಬ ಹುಡುಗನಿಗೆ ಕೋಳಿಗಳೆಂದರೆ ಪ್ರಾಣ. ಚಿಕ್ಕಂದಿನಿಂದ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಡುತ್ತ ಬಂದ. ದೊಡ್ಡವನಾದ ಮೇಲೆ, 1920ರ ದಶಕದ ಆರಂಭದಲ್ಲಿ, ಕೋಳಿಗಳ 'ಕುಕ್ಕುವ ಕ್ರಮ'ವನ್ನು ಜಗತ್ತಿಗೆ ತಿಳಿಸಿದ. ಮೇಲಿನ ಕೋಳಿ ಎಲ್ಲವನ್ನೂ ಕುಕ್ಕಬಹುದು, ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು. ಕೊನೆಯದು ಯಾರನ್ನೂ ಕುಕ್ಕುವಂತಿಲ್ಲ. ಒಮ್ಮೆ ಈ ಕ್ರಮ ನಿಂತರೆ ಜಗಳ ಕಡಿಮೆ. ಹೊಸ ಕೋಳಿ ತಂದು ಬಿಟ್ಟಿರೋ, ಎಲ್ಲ ಲೆಕ್ಕ ಮತ್ತೆ ಮೊದಲಿನಿಂದ!

ನಾಟಿ ಕೋಳಿ ಕಾವಿಗೆ ಕೂತಾಗ ಅದರ ಗುಣವೇ ಬದಲಾಗುವುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ನಿನ್ನೆಯವರೆಗೆ ಓಡುತ್ತಿದ್ದ ಹೇಟೆ ಇಂದು ಕೈ ಹಾಕಿದರೆ ಕುಕ್ಕುತ್ತದೆ. ಮೊಟ್ಟೆಗಾಗಿಯೇ ಬೆಳೆಸಿದ ವೈಟ್ ಲೆಗಾರ್ನ್‌ನಂಥ ತಳಿಗಳಲ್ಲಿ ಈ ತಾಯಿಗುಣ ಬಹುಮಟ್ಟಿಗೆ ಹೋಗಿಬಿಟ್ಟಿದೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ, ಅದಕ್ಕೇ ಕಾವಿಗೆ ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ಬೆಳೆಸಿದರು. ಹುಟ್ಟುಗುಣ ಸುಟ್ಟರೆ ಹೋಗದಿರಬಹುದು, ತಲೆಮಾರುಗಳ ಆಯ್ಕೆಯಿಂದ ಹೋಗುತ್ತದೆ.

ಟರ್ಕಿ ಕೋಳಿಯ ತವರು ಮೆಕ್ಸಿಕೊ. ನಮ್ಮ ದೇಶಕ್ಕೆ ಇದು ಇಂದು ನಿನ್ನೆ ಬಂದದ್ದಲ್ಲ. 1612ರಲ್ಲಿ ಗೋವೆಯಿಂದ ಮೊಗಲ್ ಬಾದಶಹ ಜಹಾಂಗೀರನ ಆಸ್ಥಾನಕ್ಕೆ ಒಂದು ಟರ್ಕಿ ಬಂತು. ಅದರ ತಲೆ, ಕತ್ತು ಗಳಿಗೆಗೊಂದು ಬಣ್ಣ ತಾಳುವುದನ್ನು ಕಂಡು ಬೆರಗಾದ ಬಾದಶಹ ಆತ್ಮಕಥೆಯಲ್ಲಿ ಅದನ್ನು ಬರೆದಿಟ್ಟ. ಮನ್ಸೂರ್ ಎಂಬ ಕಲಾವಿದ ಅದರ ಚಿತ್ರ ಬರೆದ. ಆ ಬಣ್ಣಗಳೇ ಟರ್ಕಿಯ ಮನಸ್ಸಿನ ಕನ್ನಡಿ. ಬರಿಯ ಚರ್ಮದೊಳಗಿನ ರಕ್ತನಾಳಗಳು ಹಿಗ್ಗಿ ಕುಗ್ಗಿದಂತೆ ಕೆಂಪು, ನೀಲಿ, ಬಿಳಿ ಬದಲಾಗುತ್ತದೆ. ಕೆರಳಿದ ಗಂಡು ಗರಿ ಬಿಚ್ಚಿ ಬಂದರೆ ಚಿಕ್ಕ ಮಕ್ಕಳನ್ನು ದೂರ ನಿಲ್ಲಿಸಿ.

ಆಫ್ರಿಕದ ಗಿನಿ ಕೋಳಿ ಮುದ್ದಿಸಿಕೊಳ್ಳುವ ಹಕ್ಕಿಯೇ ಅಲ್ಲ. ಅದು ತೋಟದ ಕಾವಲುಗಾರ. ಹಾವು, ನಾಯಿ, ಅಪರಿಚಿತ, ಏನು ಕಂಡರೂ ಇಡೀ ಗುಂಪು ಕಿರುಚುತ್ತದೆ. ಉಣ್ಣೆ, ಹುಳು ಹುಪ್ಪಟೆ ತಿಂದು ತೋಟ ಚೊಕ್ಕಟ ಮಾಡುತ್ತದೆ. ಶಾಂತಿ ಹುಡುಕಿ ತೋಟ ಕೊಂಡವರು ಇದನ್ನು ತರುವ ಮುನ್ನ ಎರಡು ಸಲ ಯೋಚಿಸಿ. ಪಕ್ಕದ ತೋಟದವರನ್ನೂ ಒಂದು ಮಾತು ಕೇಳಿ!

ಕತ್ತೆಗೆ ಬಂದ ಕೆಟ್ಟ ಹೆಸರು

ಕತ್ತೆಯಷ್ಟು ಅನ್ಯಾಯಕ್ಕೊಳಗಾದ ಪ್ರಾಣಿ ಇನ್ನೊಂದಿಲ್ಲ. ಮೊಂಡು, ದಡ್ಡ, ಇನ್ನೂ ಏನೇನೋ. ಕುದುರೆ ಬಯಲಿನ ಪ್ರಾಣಿ; ಹೆದರಿದರೆ ಓಡುವುದೇ ಅದರ ದಾರಿ. ಕತ್ತೆಯ ಪೂರ್ವಜರು ಆಫ್ರಿಕದ ಒಣ, ಕಲ್ಲುಗುಡ್ಡಗಳಲ್ಲಿದ್ದವರು. ಅಲ್ಲಿ ಕಣ್ಣುಮುಚ್ಚಿ ಓಡಿದರೆ ಕಾಲು ಮುರಿಯುತ್ತದೆ. ಹಾಗಾಗಿ ಕತ್ತೆ ಭಯವಾದಾಗ ನಿಲ್ಲುತ್ತದೆ, ನೋಡುತ್ತದೆ, ಯೋಚಿಸುತ್ತದೆ. ಆಗ ಹೊಡೆದರೆ ಅದಕ್ಕೆ ಭಯ ಹೆಚ್ಚುತ್ತದೆ, ನಿಲ್ಲುವುದೂ ಹೆಚ್ಚುತ್ತದೆ. ನಾವು ಮೊಂಡು ಎನ್ನುವುದು ಅದರ ಎಚ್ಚರಿಕೆ.

ಇನ್ನೊಂದು ಗುಣ ಕೇಳಿದರೆ ಮನಸ್ಸು ಕರಗುತ್ತದೆ. ಎರಡು ಕತ್ತೆಗಳು ಜೊತೆಯಾದರೆ ಬದುಕಿಡೀ ಒಟ್ಟಿಗೆ ಮೇಯುತ್ತವೆ. ಒಂದನ್ನು ಬೇರೆ ಮಾಡಿದರೆ ಇನ್ನೊಂದು ಮೇವು ಬಿಡಬಹುದು. ಮೇವು ಬಿಟ್ಟ ಕತ್ತೆಯ ರಕ್ತದಲ್ಲಿ ಕೊಬ್ಬಿನ ಅಂಶ ಅಪಾಯದ ಮಟ್ಟಕ್ಕೇರಿ ಕೆಲವೇ ದಿನಗಳಲ್ಲಿ ಸಾಯಲೂಬಹುದು. ಅದಕ್ಕೇ ಇಂಗ್ಲೆಂಡಿನಲ್ಲಿ 1969ರಿಂದ ಕತ್ತೆಗಳಿಗೆ ಆಶ್ರಯ ಕೊಡುತ್ತಿರುವ ಡಾಂಕಿ ಸ್ಯಾಂಕ್ಚುಯರಿ ಸಂಸ್ಥೆಯವರು ಜೊತೆಯಾದ ಕತ್ತೆಗಳನ್ನು ಬೇರ್ಪಡಿಸುವುದಿಲ್ಲ.

ನಮ್ಮಲ್ಲಿ ಕತ್ತೆಯೇ ಅಪರೂಪವಾಗುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರ ಗಣತಿಯ ಹೊತ್ತಿಗೆ ಸುಮಾರು 1.2 ಲಕ್ಷ. ಹೊರೆ ಹೊರುವ ಕೆಲಸ ಟೆಂಪೋಗಳಿಗೆ ಹೋಯಿತು, ಸಾಕುವವರು ಕಡಿಮೆಯಾದರು. 2022ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಇರಾ ಗ್ರಾಮದಲ್ಲಿ ಕತ್ತೆಗಳ ಫಾರ್ಮ್ ಒಂದು ಶುರುವಾದಾಗ ಅದು ದೇಶಕ್ಕೆಲ್ಲ ಸುದ್ದಿಯಾದದ್ದು ಇದೇ ಕಾರಣಕ್ಕೆ.

ಎಮು ಕಲಿಸಿದ ಪಾಠ

ಈಗ ಸೀಮೆ ಪ್ರಾಣಿಗಳಲ್ಲಿ ಎಲ್ಲರ ಕಣ್ಣು ಸೆಳೆಯುವ ಎಮು. ಆಸ್ಟ್ರೇಲಿಯಾದ ಈ ಹಕ್ಕಿ ಮನುಷ್ಯನಷ್ಟೇ ಎತ್ತರ ಬೆಳೆಯುತ್ತದೆ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಬಹಳ ಕುತೂಹಲದ ಹಕ್ಕಿ. ನೀವು ಬೇಲಿಯುದ್ದಕ್ಕೂ ನಡೆದರೆ ಅದೂ ಒಳಗಿನಿಂದ ನಿಮ್ಮ ಜೊತೆ ನಡೆಯುತ್ತದೆ. ಹೊಳೆಯುವುದೇನೇ ಕಂಡರೂ ನುಂಗಿ ನೋಡುತ್ತದೆ. ಕಿವಿಯೋಲೆ, ಕೀಲಿಕೈ ಜೋಪಾನ. ಹೆಣ್ಣು ಎಮುವಿನ ಗಂಟಲಲ್ಲಿ ಗಾಳಿ ತುಂಬುವ ಚೀಲವಿದೆ. ದೂರದಿಂದ ಡೋಲು ಬಾರಿಸಿದಂತೆ ಅದರ ದನಿ. ಗಂಡು ಬರೀ ಗುರುಗುಟ್ಟುತ್ತದೆ. ಕಡುಹಸಿರು ಮೊಟ್ಟೆಗಳಿಗೆ ಕಾವು ಕೊಡುವುದು ಅಪ್ಪನ ಕೆಲಸ. ಸುಮಾರು 8 ವಾರ ಆತ ಹೆಚ್ಚುಕಡಿಮೆ ಉಪವಾಸವಿದ್ದು ಕೂರುತ್ತಾನೆ, ನಂತರ ತಿಂಗಳುಗಟ್ಟಲೆ ಮರಿಗಳನ್ನು ಕಾಯುತ್ತಾನೆ.

ಇಂಥ ಹಕ್ಕಿಯನ್ನು ನಮ್ಮಲ್ಲಿ ಕೇವಲ ಲಾಭದ ಲೆಕ್ಕವಾಗಿ ನೋಡಿದಾಗ ಏನಾಯಿತು? ಆಂಧ್ರ, ಮಹಾರಾಷ್ಟ್ರ, ತಮಿಳುನಾಡು, ಕರ್ನಾಟಕಗಳಲ್ಲಿ ಎಮು ಸಾಕಣೆ ಭರದಿಂದ ಹಬ್ಬಿತು. ಮಾಂಸ, ಎಣ್ಣೆ, ಚರ್ಮ, ಗರಿ ಎಲ್ಲಕ್ಕೂ ಬೆಲೆಯಿದೆ ಎಂಬ ಜಾಹೀರಾತು. ಠೇವಣಿ ಕಟ್ಟಿ, ಮರಿ ಒಯ್ಯಿರಿ, ತಿಂಗಳು ತಿಂಗಳು ಹಣ ಕೊಡುತ್ತೇವೆ ಎಂಬ ಯೋಜನೆಗಳು. ಆದರೆ ಕೊಳ್ಳುವ ಮಾರುಕಟ್ಟೆಯೇ ಸರಿಯಾಗಿ ಇರಲಿಲ್ಲ. 2012ರಲ್ಲಿ ಈರೋಡ್ ಜಿಲ್ಲೆಯ ಪೆರುಂದುರೈಯಲ್ಲಿ ದೊಡ್ಡ ಕಂಪನಿಯೊಂದು ಬಾಗಿಲು ಹಾಕಿತು, ಒಂದರ ಹಿಂದೆ ಒಂದು ಕುಸಿದವು. ಸಾವಿರಾರು ಕುಟುಂಬಗಳ ಉಳಿತಾಯ ಹೋಯಿತು. ಮೇವಿಲ್ಲದೆ ಹಕ್ಕಿಗಳು ಬೇಲಿಯೊಳಗೇ ಸತ್ತವು. ಉಳಿದವಕ್ಕೆ ತಮಿಳುನಾಡು ಸರ್ಕಾರವೇ ಮೇವು ಹಾಕಬೇಕಾಯಿತು. ಬೇರೆ ಕಡೆಯೂ ಎಷ್ಟೋ ಜನ ಹಕ್ಕಿಗಳನ್ನು ಬೀದಿಗೆ ಬಿಟ್ಟರು. ನಾಟಿ ಕೋಳಿಯನ್ನು ಬಿಟ್ಟರೆ ಕೆದಕಿ ಹೇಗೋ ಬದುಕುತ್ತದೆ. ಮೈಲಿಗಟ್ಟಲೆ ನಡೆದು ಮೇಯಲು ಹುಟ್ಟಿದ ಎಮು, ನಮ್ಮ ರಸ್ತೆ, ನಾಯಿಗಳ ನಡುವೆ ಹೇಗೆ ಬದುಕೀತು? ತಪ್ಪು ಹಕ್ಕಿಯದಲ್ಲ. ಅದನ್ನು ತಂದವರಲ್ಲಿ ಹೆಚ್ಚಿನವರಿಗೆ ಲಾಭದ ಪಟ್ಟಿ ಗೊತ್ತಿತ್ತು, ಹಕ್ಕಿ ಗೊತ್ತಿರಲಿಲ್ಲ.

ಒಂಟಿಯಾಗಿ ಬೆಳೆದ ಮರಿ

ಕೊನೆಗೆ ಮೂರನೆಯ ಬೇರು, ಬೆಳೆಸಿದ ರೀತಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಲಾಮಾ ಗಂಭೀರ ಪ್ರಾಣಿ. ಗುನುಗುನು ದನಿಯಲ್ಲಿ ಮಾತಾಡುತ್ತದೆ. ತೀರಾ ಕೋಪ ಬಂದರೆ ಉಗಿಯುತ್ತದೆ. ಅಮೆರಿಕದ ಕುರಿ ಸಾಕಣೆಗಾರರು ಮಂದೆಗೆ ಒಂದೇ ಒಂದು ಲಾಮಾ ಬಿಡುತ್ತಾರೆ. ಅದು ಕುರಿಗಳನ್ನೇ ತನ್ನ ಬಳಗ ಎಂದುಕೊಂಡು ತೋಳಜಾತಿಯ ಕಯೋಟಿಗಳನ್ನು ಅಟ್ಟುತ್ತದೆ. ಎರಡು ಬಿಟ್ಟರೆ ಅವೆರಡೇ ಜೊತೆಯಾಗಿ ಕುರಿಗಳನ್ನು ಮರೆತುಬಿಡಬಹುದು.

ಆದರೆ ಗಂಡು ಲಾಮಾ ಮರಿಯನ್ನು ತಾಯಿಯಿಂದ ಬೇರೆ ಮಾಡಿ, ಬಾಟಲಿ ಹಾಲು ಕುಡಿಸಿ, ಮುದ್ದಿನಿಂದ ಮನುಷ್ಯರ ನಡುವೆಯೇ ಬೆಳೆಸಿದರೆ ಏನಾಗುತ್ತದೆ? ಅದು ಮನುಷ್ಯರನ್ನೇ ತನ್ನ ಜಾತಿ ಎಂದು ತಿಳಿಯುತ್ತದೆ. ಪ್ರಾಯಕ್ಕೆ ಬಂದಾಗ ಇನ್ನೊಂದು ಗಂಡು ಲಾಮಾವನ್ನು ಎದುರಿಸುವಂತೆ ಸಾಕಿದವನನ್ನೇ ಕೆಡವಿ ಕಚ್ಚಲು ಬರುತ್ತದೆ. ಹೋರಿಗಳಲ್ಲೂ ಹೀಗೇ. ಗುಂಪಿನಲ್ಲಿ ಬೆಳೆದ ಹೋರಿಗಳಿಗಿಂತ ಒಂಟಿಯಾಗಿ ಕೈಯಲ್ಲಿ ಬೆಳೆದ ಹೋರಿಗಳು ಮನುಷ್ಯರ ಮೇಲೆ ಹೆಚ್ಚು ಎರಗುತ್ತವೆ ಎಂದು 1990ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಜರ್ಸಿ ಹೋರಿಯ ಕೆಟ್ಟ ಹೆಸರಿಗೂ ಇದು ಒಂದು ಕಾರಣ: ಹಾಲಿನ ತಳಿಗಳ ಕರುಗಳು ತಾಯಿಯ ಬಳಿಗಿಂತ ಬಕೆಟ್ಟಿನ ಬಳಿ ಬೆಳೆಯುವುದೇ ಹೆಚ್ಚು.

ಅಂದರೆ ಪ್ರೀತಿ ಬೇಡವೆಂದಲ್ಲ. ಮರಿಗೆ ನಮ್ಮ ಪ್ರೀತಿಗಿಂತ ಮೊದಲು ಅದರ ಬಳಗ ಬೇಕು. ತಾನು ಯಾರು ಎಂಬುದನ್ನು ಅದು ಕಲಿಯುವುದು ಅಲ್ಲಿಯೇ.

ಹೋಗುವ ಮುನ್ನ, ತರುವ ಮುನ್ನ

ಮುಂದಿನ ಸಲ ಮಕ್ಕಳನ್ನು ಫಾರ್ಮ್‌ಗೆ ಕರೆದೊಯ್ದಾಗ ಈ ಕೆಲವು ಮಾತು ನೆನಪಿರಲಿ.

ಹಸುವಿನ ನೇರ ಹಿಂದಿನಿಂದ ಹೋಗಬೇಡಿ. ಅದರ ಕಣ್ಣುಗಳು ಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ಬಾಲದ ಹಿಂದಿನ ಜಾಗ ಮಾತ್ರ ಕಾಣದು. ಪಕ್ಕದಿಂದ, ಮೆಲ್ಲಗೆ ಮಾತಾಡುತ್ತ ಹೋಗಿ. ಗಂಗೆದೊಗಲು ಸವರಿದರೆ ಬಹಳ ಹಸುಗಳಿಗೆ ಇಷ್ಟ. ಕೂಗಾಟ ಯಾವ ಪ್ರಾಣಿಗೂ ಇಷ್ಟವಿಲ್ಲ.

ಮೊಲವನ್ನು ಎತ್ತಿ ಅಂಗಾತ ಮಲಗಿಸಿದಾಗ ಅದು ಅಲ್ಲಾಡದೆ ಇದ್ದರೆ ಸುಖವಾಗಿದೆ ಎಂದುಕೊಳ್ಳಬೇಡಿ. ಬೇಟೆಗಾರನ ಬಾಯಲ್ಲಿ ಸಿಕ್ಕಂತೆ ಭಯದಿಂದ ಮರಗಟ್ಟಿರುತ್ತದೆ. ನೆಲದ ಮೇಲೆ ಕೂತು, ಅದೇ ಹತ್ತಿರ ಬರಲಿ ಎಂದು ಕಾಯುವುದನ್ನು ಮಕ್ಕಳಿಗೆ ಕಲಿಸಿ.

ಸಾಕಲೆಂದು ತರುವವರು ಕೇಳಬೇಕಾದ ಪ್ರಶ್ನೆಗಳು ಇನ್ನೂ ಕೆಲವು. ಇದರ ಜೊತೆಗೆ ಇದರದೇ ಜಾತಿಯ ಇನ್ನೊಂದನ್ನು ಸಾಕಲು ನನಗೆ ಜಾಗವಿದೆಯೇ? ಸೋಮವಾರದಿಂದ ಶುಕ್ರವಾರದವರೆಗೆ ನಾನು ನಗರದಲ್ಲಿರುವಾಗ ಇದನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಇದರ ಗುಣ ಗೊತ್ತೇ? ಕಾಯಿಲೆಯಾದರೆ ಈ ಪ್ರಾಣಿಯನ್ನು ಬಲ್ಲ ಪಶುವೈದ್ಯರು ಹತ್ತಿರದಲ್ಲಿದ್ದಾರೆಯೇ? ಇದು ಎಷ್ಟು ವರ್ಷ ಬದುಕುತ್ತದೆ? ಕತ್ತೆಯಾದರೆ 30 ವರ್ಷ ದಾಟಬಹುದು, ನೆನಪಿರಲಿ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಗಿಳಿ, ನವಿಲು, ಗೌಜಲಹಕ್ಕಿಗಳನ್ನು ಸಾಕುವಂತಿಲ್ಲ. 2022ರಲ್ಲಿ ಈ ಕಾಯ್ದೆಗೆ ತಂದ ತಿದ್ದುಪಡಿ ಮತ್ತು 2024ರ ನಿಯಮಗಳಂತೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಮಕಾವ್, ಇಗ್ವಾನಾದಂಥ ಹೊರದೇಶದ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಕಾಗದಪತ್ರ ಇಲ್ಲದೆ ಯಾರಾದರೂ ಅಗ್ಗಕ್ಕೆ ಕೊಡುತ್ತೇವೆಂದರೆ ಕೈಮುಗಿದು ದೂರ ಸರಿಯಿರಿ.

ಹುಟ್ಟುಗುಣ ಸುಟ್ಟರೂ ಹೋಗದು ಎಂದರಲ್ಲ ಹಿರಿಯರು, ಅದಕ್ಕೆ ನಾವು ಸೇರಿಸಬಹುದಾದದ್ದು ಇಷ್ಟೇ: ಹುಟ್ಟುಗುಣವನ್ನು ತಿಳಿದು ಅದಕ್ಕೆ ಒಪ್ಪುವಂತೆ ಸಾಕಿದರೆ, ಅದು ಹೋಗಬೇಕಾದ ಅಗತ್ಯವೂ ಇಲ್ಲ. ಕೋಣಕ್ಕೆ ನೀರು ಕೊಡಿ, ಮೇಕೆಗೆ ಹತ್ತಲು ಕಲ್ಲುಬಂಡೆ ಕೊಡಿ, ಕತ್ತೆಗೆ ಒಂದು ಜೊತೆ ಕೊಡಿ. ನಾಟಿಯಾಗಲಿ ಸೀಮೆಯಾಗಲಿ, ಅರ್ಧ ತಂಟೆ ಅಲ್ಲಿಗೇ ಮುಗಿಯುತ್ತದೆ.

ಈ ಭಾನುವಾರ ಹೋಗುವ ತೋಟದಲ್ಲಿ ಯಾವ ಪ್ರಾಣಿಯ ದನಿ ನಿಮ್ಮ ಕಿವಿಗೆ ಬಿತ್ತು, ಅದರ ಗುಣ ಏನೆನಿಸಿತು, ನಮಗೂ ಬರೆದು ತಿಳಿಸಿ.